ವೆಲ್ಲೆಸ್ಲಿ ಅಂದರೆ ಯಾವ ವೆಲ್ಲೆಸ್ಲಿ?

ಹೋದ ಸಂಚಿಕೆಯಲ್ಲಿ ಶ್ರೀರಂಗಪಟ್ಟಣದ ಬಗ್ಗೆ ಬಂದ ಒಂದು ಪ್ರಶ್ನೆಗೆ ಉತ್ತರ ಬರೆಯುವಾಗ ಎರಡು ಸಾಲು ಜಾಸ್ತಿ ಸೇರಿಸಿದ್ದೆ. 1799ರಲ್ಲಿ ಕೋಟೆ ಬಿದ್ದ ಮರುದಿನ ಊರಿನ ಅಧಿಕಾರ ಹಿಡಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವನಲ್ಲ, ಐರ್ಲೆಂಡಿನ ಸಾಲಗಾರ ಜಮೀನ್ದಾರರ ಮನೆಯ ಹುಡುಗ ಎಂದು. ಮುಂದೆ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್‌ನನ್ನು ಸೋಲಿಸಿ, ಬ್ರಿಟಿಷರ ಪ್ರಧಾನಿಯೂ ಆದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇವನೇ ಎಂದು. ಅಷ್ಟಕ್ಕೇ ಕಾರ್ಡುಗಳ ರಾಶಿ ಬಂತು. ಮೂವತ್ತು ವರ್ಷ ಇತಿಹಾಸದ ಪಾಠ ಮಾಡಿದವಳಿಗೆ ಇದಕ್ಕಿಂತ ಖುಷಿ ಇನ್ನೇನಿದೆ? ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವನಿಗೆ ಮತ್ತು ಅವನ ಮನೆಯವರಿಗೆ. ಮನೆಯವರನ್ನು ಬಿಟ್ಟರೆ ಅವನ ಕಥೆ ಅರ್ಧವೂ ಅರ್ಥವಾಗುವುದಿಲ್ಲ.

ಪ್ರಶ್ನೆ: ಮೇಡಂ, ನಮ್ಮೂರಲ್ಲಿ ಕಾವೇರಿಗೆ ಕಟ್ಟಿದ ಹಳೇ ಕಲ್ಲಿನ ಸೇತುವೆಯನ್ನು ವೆಲ್ಲೆಸ್ಲಿ ಸೇತುವೆ ಅಂತೀವಿ. ಅದಕ್ಕೆ ಈ ಕರ್ನಲ್ ಹೆಸರೇ ಇಟ್ಟಿದ್ದಾ?
— ಶ್ರೀರಂಗಪಟ್ಟಣದ ಓದುಗರು

ಅಲ್ಲ. ಅದು ಇವನ ಅಣ್ಣನ ಹೆಸರು. ದಿವಾನ್ ಪೂರ್ಣಯ್ಯನವರು ಕಟ್ಟಿಸಿ, 1804ರಲ್ಲಿ ಮುಗಿದ ಆ ಸೇತುವೆಯನ್ನು ಅರ್ಪಿಸಿದ್ದು ಆಗ ಗವರ್ನರ್ ಜನರಲ್ ಆಗಿದ್ದ ರಿಚರ್ಡ್, ಮಾರ್ಕ್ವಿಸ್ ವೆಲ್ಲೆಸ್ಲಿಗೆ. ಆರ್ಥರ್ ಅವನ ತಮ್ಮ.

ಇನ್ನೊಂದು ಸಂಗತಿ ಕೇಳಿ. ಟಿಪ್ಪು ತೀರಿಕೊಂಡ ಮೇಲೆ ಮೈಸೂರು ಸೀಮೆಯನ್ನು ಹೇಗೆ ಹಂಚಬೇಕು ಅಂತ ತೀರ್ಮಾನಿಸಲು ಒಂದು ಕಮಿಷನ್ ಮಾಡಿದರಲ್ಲ, ಅದರಲ್ಲಿದ್ದವರು ಐದು ಜನ. ಜನರಲ್ ಹ್ಯಾರಿಸ್, ಕಿರ್ಕ್‌ಪ್ಯಾಟ್ರಿಕ್, ಬ್ಯಾರಿ ಕ್ಲೋಸ್. ಉಳಿದಿಬ್ಬರು ಆರ್ಥರ್ ವೆಲ್ಲೆಸ್ಲಿ ಮತ್ತು ಹೆನ್ರಿ ವೆಲ್ಲೆಸ್ಲಿ. ಹೆನ್ರಿ ಕೊನೆಯ ತಮ್ಮ. ಅಂದರೆ ಯುದ್ಧ ಮಾಡಿಸಿದವನು ಅಣ್ಣ. ಬಿದ್ದ ಊರನ್ನು ಆಳಿದವನು ಒಬ್ಬ ತಮ್ಮ. ಇಬ್ಬರು ತಮ್ಮಂದಿರೂ ಕೂತು ಸೀಮೆ ಹಂಚಿದರು. ಆ ವರ್ಷ ಜೂನ್ 30ರಂದು ಐದು ವರ್ಷದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದ್ದರ ಹಿಂದಿನ ಏರ್ಪಾಡೂ ಇದೇ ಕಮಿಷನ್ನಿನದು. ನಮ್ಮ ಪಠ್ಯಪುಸ್ತಕದಲ್ಲಿ 'ವೆಲ್ಲೆಸ್ಲಿ' ಅಂತ ಒಂದೇ ಹೆಸರು ಬರುವುದರಿಂದ ಮಕ್ಕಳು ಮೂವರನ್ನೂ ಸೇರಿಸಿ ಒಬ್ಬನನ್ನೇ ಮಾಡಿಬಿಡುತ್ತಾರೆ. ದೇಶೀ ರಾಜರ ಖರ್ಚಿನಲ್ಲಿ ಕಂಪನಿ ಸೈನ್ಯವನ್ನು ಅವರ ರಾಜ್ಯದಲ್ಲಿ ಇಡುವ ಸಹಾಯಕ ಸೈನ್ಯ ಪದ್ಧತಿ ತಂದವನು ರಿಚರ್ಡ್, ವಾಟರ್ಲೂ ಗೆದ್ದವನು ಆರ್ಥರ್. ಪರೀಕ್ಷೆ ಬರೆಯುವವರು ಇಷ್ಟು ನೆನಪಿಟ್ಟುಕೊಳ್ಳಿ.

ಪ್ರಶ್ನೆ: ಐರಿಷ್ ಅಂತೀರಿ, ಆದರೆ ಬ್ರಿಟಿಷರ ಪ್ರಧಾನಿಯೂ ಆದ ಅಂತೀರಿ. ಹಾಗಾದರೆ ಅವನು ಯಾವ ಕಡೆಯವನು?
— ಹಾಸನದ ಪದವಿ ವಿದ್ಯಾರ್ಥಿನಿ

ಒಳ್ಳೆಯ ಪ್ರಶ್ನೆ ಪುಟ್ಟಿ. ಆ ಕಾಲದ ಐರ್ಲೆಂಡಿನಲ್ಲಿ ಹೆಚ್ಚಿನ ಜನ ಕ್ಯಾಥೊಲಿಕರು. ಭೂಮಿ, ಪಾರ್ಲಿಮೆಂಟು, ನೌಕರಿ ಮಾತ್ರ ಇಂಗ್ಲೆಂಡಿನ ಮೂಲದ ಪ್ರಾಟೆಸ್ಟೆಂಟ್ ಮನೆತನಗಳ ಕೈಯಲ್ಲಿ. ಇವರನ್ನೇ ಆಂಗ್ಲೋ-ಐರಿಷ್ ಎನ್ನುವುದು. ತಲೆತಲಾಂತರದಿಂದ ಅಲ್ಲೇ ಇದ್ದರೂ ಊರಿನವರ ಪಾಲಿಗೆ ಇವರು ಹೊರಗಿನವರು. ಲಂಡನ್ನಿಗೆ ಹೋದರೆ ಅಲ್ಲಿನವರ ಪಾಲಿಗೆ ಐರ್ಲೆಂಡಿನಿಂದ ಬಂದವರು.

ಆರ್ಥರ್ ಹುಟ್ಟಿದ್ದು 1769ರಲ್ಲಿ. ಹುಟ್ಟಿದ ದಿನದ ಬಗ್ಗೆ, ಹುಟ್ಟಿದ ಮನೆಯ ಬಗ್ಗೆ ಈಗಲೂ ವಾದ ಇದೆ. ಅವನು ಮಾತ್ರ ಮೇ 1ರಂದೇ ಹುಟ್ಟುಹಬ್ಬ ಆಚರಿಸುತ್ತಿದ್ದ. ಡಬ್ಲಿನ್‌ನ ಮೆರಿಯನ್ ಬೀದಿಯ ಮನೆ ಎಂದು ಹೆಚ್ಚಿನವರು ಹೇಳುತ್ತಾರೆ. ಅದು ಈಗ ದೊಡ್ಡ ಹೋಟೆಲ್ಲಿನ ಭಾಗ. ಮೀತ್ ಕೌಂಟಿಯ ಡ್ಯಾಂಗನ್ ಎಂಬಲ್ಲಿ ಅವರ ಹಳ್ಳಿಮನೆ. ಹತ್ತಿರದ ಟ್ರಿಮ್ ಊರಿನಿಂದ ಇಪ್ಪತ್ತೊಂದರ ಹರೆಯದಲ್ಲೇ ಐರಿಷ್ ಪಾರ್ಲಿಮೆಂಟಿಗೆ ಸದಸ್ಯನಾದ. ಜನ ಪ್ರೀತಿಯಿಂದ ಗೆಲ್ಲಿಸಿದರು ಅಂದುಕೊಳ್ಳಬೇಡಿ. ಆ ಕ್ಷೇತ್ರ ಮನೆಯ ಆಸ್ತಿ ಇದ್ದ ಹಾಗೆ. ಅಣ್ಣ ಕೂತಿದ್ದ ಜಾಗ, ತಮ್ಮನಿಗೆ ಬಂತು.

ಅವನನ್ನು ಐರಿಷ್ ಅನ್ನಬಹುದೇ ಎಂಬುದಕ್ಕೆ ಕ್ಯಾಥೊಲಿಕರ ದೊಡ್ಡ ನಾಯಕ ಡೇನಿಯಲ್ ಓ'ಕಾನೆಲ್ 1843ರ ಒಂದು ಭಾಷಣದಲ್ಲಿ ಉತ್ತರ ಕೊಟ್ಟಿದ್ದಾನೆ. ಐರ್ಲೆಂಡಿನಲ್ಲಿ ಹುಟ್ಟಿದ್ದೇನೋ ಹೌದು, ಆದರೆ ಲಾಯದಲ್ಲಿ ಹುಟ್ಟಿದ ಮಾತ್ರಕ್ಕೆ ಮನುಷ್ಯ ಕುದುರೆಯಾಗುವುದಿಲ್ಲ ಎಂದ. ಈ ಮಾತನ್ನು ವೆಲ್ಲಿಂಗ್ಟನ್ನೇ ತನ್ನ ಬಗ್ಗೆ ಹೇಳಿಕೊಂಡ ಅಂತ ಸುಮಾರು ಕಡೆ ಬರೆಯುತ್ತಾರೆ. ಅದು ಸುಳ್ಳು. ಹೇಳಿದವನು ಎದುರಾಳಿ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಕ್ಯಾಥೊಲಿಕರು ಪಾರ್ಲಿಮೆಂಟಿನಲ್ಲಿ ಕೂರಬಹುದು ಎಂಬ ಕಾನೂನು ಬಂದದ್ದು 1829ರಲ್ಲಿ, ಇವನು ಪ್ರಧಾನಿಯಾಗಿದ್ದಾಗಲೇ. ಮನಸ್ಸು ಕರಗಿ ತಂದದ್ದಲ್ಲ. ತರದಿದ್ದರೆ ಐರ್ಲೆಂಡಿನಲ್ಲಿ ಅಂತರ್ಯುದ್ಧವಾಗುತ್ತದೆ ಎಂಬ ಲೆಕ್ಕಾಚಾರ. ದೊರೆ ನಾಲ್ಕನೇ ಜಾರ್ಜ್ ಒಪ್ಪದೆ ಅತ್ತು ಕರೆದರೂ ಬಿಡಲಿಲ್ಲ. ತನ್ನದೇ ಪಕ್ಷದ ಲಾರ್ಡ್ ವಿಂಚೆಲ್ಸಿ ಕೆಟ್ಟದಾಗಿ ಬರೆದಾಗ, ದೇಶದ ಪ್ರಧಾನಿ ಪಿಸ್ತೂಲು ಹಿಡಿದು ಬ್ಯಾಟರ್ಸಿ ಮೈದಾನಕ್ಕೆ ದ್ವಂದ್ವಯುದ್ಧಕ್ಕೆ ಹೋದ! ಇಬ್ಬರಿಗೂ ಏನೂ ಆಗಲಿಲ್ಲ.

ಪ್ರಶ್ನೆ: 'ಸಾಲಗಾರ ಜಮೀನ್ದಾರರು' ಅಂದಿರಿ. ಅರ್ಲ್ ಪದವಿಯ ಶ್ರೀಮಂತ ಮನೆತನಕ್ಕೆ ಸಾಲ ಯಾಕೆ?
— ತುಮಕೂರಿನ ನಿವೃತ್ತ ಬ್ಯಾಂಕ್ ಮ್ಯಾನೇಜರ್

ಬ್ಯಾಂಕಿನವರಿಗೆ ತಕ್ಕ ಪ್ರಶ್ನೆ. ಅಪ್ಪ ಗ್ಯಾರೆಟ್ ವೆಸ್ಲಿ, ಮಾರ್ನಿಂಗ್ಟನ್‌ನ ಮೊದಲ ಅರ್ಲ್, ಸಂಗೀತಗಾರ. ಹವ್ಯಾಸಕ್ಕೆ ನುಡಿಸುವವನಲ್ಲ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕ ಅವನೇ, 1764ರಲ್ಲಿ. ಪಿಟೀಲು ಚೆನ್ನಾಗಿ ನುಡಿಸುತ್ತಿದ್ದ, ಹಾಡುಗಳನ್ನು ರಚಿಸುತ್ತಿದ್ದ. ಲೆಕ್ಕ ಬರೆಯುವುದು ಮಾತ್ರ ಬರುತ್ತಿರಲಿಲ್ಲ. 1781ರಲ್ಲಿ ತೀರಿಕೊಂಡಾಗ ಜಮೀನಿನ ಮೇಲೆ ಅಡಮಾನ, ಮನೆ ತುಂಬ ಮಕ್ಕಳು.

ದೊಡ್ಡ ಮಗ ರಿಚರ್ಡ್‌ಗೆ ಆಗ ಇಪ್ಪತ್ತೊಂದೂ ತುಂಬಿರಲಿಲ್ಲ. ಆಕ್ಸ್‌ಫರ್ಡ್ ಓದು ಅಷ್ಟಕ್ಕೇ ಬಿಟ್ಟು ಮನೆಯ ಭಾರ ಹೊತ್ತ. ಆರ್ಥರ್ ಈಟನ್ ಶಾಲೆಯಲ್ಲಿದ್ದ. ಓದಿನಲ್ಲಿ ಅಷ್ಟಕ್ಕಷ್ಟೆ. ಫೀಸಿಗೆ ದುಡ್ಡು ಸಾಲದಾದಾಗ ಚೆನ್ನಾಗಿ ಓದುವ ತಮ್ಮಂದಿರನ್ನು ಉಳಿಸಿಕೊಂಡು ಇವನನ್ನು ಬಿಡಿಸಿದರು. ತಾಯಿ ಆ್ಯನ್ ಖರ್ಚು ಕಡಿಮೆ ಅಂತ ಬ್ರಸೆಲ್ಸ್‌ಗೆ ಹೋದಾಗ ಇವನನ್ನೂ ಕರೆದುಕೊಂಡು ಹೋದಳು. ಈ ಒಡ್ಡೊಡ್ಡು ಹುಡುಗನನ್ನು ಏನು ಮಾಡಲಿ ದೇವರೇ ಎಂದು ಆಕೆ ತಲೆ ಚಚ್ಚಿಕೊಳ್ಳುತ್ತಿದ್ದಳಂತೆ. ಕೊನೆಗೆ ಫ್ರಾನ್ಸಿನ ಆಂಜೆ ಊರಿನ ಕುದುರೆ ಸವಾರಿ ಶಾಲೆಗೆ ಸೇರಿಸಿದರು. ಅಲ್ಲಿ ಕಲಿತದ್ದು ಕುದುರೆ ಮತ್ತು ಫ್ರೆಂಚ್. ನೆಪೋಲಿಯನ್ನಿನ ಸೇನೆಯನ್ನು ಸೋಲಿಸಿದವನು ಸವಾರಿ ಕಲಿತದ್ದು ಫ್ರೆಂಚರ ಹತ್ತಿರವೇ!

1787ರಲ್ಲಿ ಅಣ್ಣ ಯಾರ್‍ಯಾರಿಗೋ ಪತ್ರ ಬರೆದು ಸೈನ್ಯಕ್ಕೆ ಸೇರಿಸಿದ. ಆಗ ಬ್ರಿಟಿಷ್ ಸೈನ್ಯದಲ್ಲಿ ಹುದ್ದೆಗಳನ್ನು ದುಡ್ಡು ಕೊಟ್ಟು ಕೊಳ್ಳಬೇಕಿತ್ತು. 1793ರಲ್ಲಿ 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಹುದ್ದೆ ಕೊಳ್ಳಲು ದುಡ್ಡು ಕೊಟ್ಟವನೂ ಅಣ್ಣನೇ. ಡ್ಯಾಂಗನ್‌ನ ಮನೆ, ಜಮೀನನ್ನು ರಿಚರ್ಡ್ ಮಾರಿಬಿಟ್ಟ. ಮುಂದೆ ಅದು ಬೇರೆಯವರ ಕೈಯಲ್ಲಿರುವಾಗ ಬೆಂಕಿ ಬಿದ್ದು ಹಾಳಾಯಿತು.

ಪ್ರಶ್ನೆ: ನಮ್ಮ ತಂದೆ ಮೈಸೂರಿನ ವೆಸ್ಲಿ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಆರ್ಥರನ ಅಪ್ಪನ ಹೆಸರು ವೆಸ್ಲಿ ಅಂತೀರಿ. ಎರಡೂ ಒಂದೇ ಮನೆತನವೇ?
— ಮೈಸೂರಿನ ಓದುಗರು

ಈ ಕಾರ್ಡು ಓದಿ ನನಗೆ ತುಂಬ ಸಂತೋಷವಾಯಿತು. ಹತ್ತಿರ ಹತ್ತಿರ ಹೌದು, ಸ್ವಲ್ಪದರಲ್ಲಿ ತಪ್ಪಿತು.

ಡ್ಯಾಂಗನ್‌ನಲ್ಲಿ ಆರ್ಥರನ ಅಜ್ಜನಿಗಿಂತ ಮುಂಚೆ ಗ್ಯಾರೆಟ್ ವೆಸ್ಲಿ ಎಂಬ ಅದೇ ಹೆಸರಿನ ಇನ್ನೊಬ್ಬ ಜಮೀನ್ದಾರ ಇದ್ದ. ಮಕ್ಕಳಿಲ್ಲ. ಇಂಗ್ಲೆಂಡಿನಲ್ಲಿ ತನ್ನದೇ ಮನೆತನದ ಹೆಸರಿನ ಒಬ್ಬ ಪಾದ್ರಿಯ ಮಗ ಚುರುಕಾಗಿ ಓದುತ್ತಿದ್ದಾನೆ ಎಂದು ಕೇಳಿ, ಅವನನ್ನು ದತ್ತು ತೆಗೆದುಕೊಳ್ಳುತ್ತೇನೆ, ಆಸ್ತಿಯೆಲ್ಲ ಅವನಿಗೇ ಎಂದ. ಹುಡುಗ ಒಲ್ಲೆ ಎಂದ. ಆ ಹುಡುಗನೇ ಚಾರ್ಲ್ಸ್ ವೆಸ್ಲಿ. ಅಣ್ಣ ಜಾನ್ ವೆಸ್ಲಿ ಜೊತೆ ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥ ಕಟ್ಟಿ ಸಾವಿರಾರು ಭಕ್ತಿಗೀತೆ ಬರೆದವನು. ಆ ವೆಸ್ಲಿಯ ಪಂಥದ ಮಿಷನರಿಗಳೇ ಮುಂದೆ ಬೆಂಗಳೂರು, ಮೈಸೂರು, ಗುಬ್ಬಿ, ತುಮಕೂರಿಗೆ ಬಂದು ಶಾಲೆ ಕಟ್ಟಿದ್ದು. ನಿಮ್ಮ ತಂದೆಯವರು ಕೆಲಸ ಮಾಡಿದ ಪ್ರೆಸ್ಸು ಅವರದೇ.

ದತ್ತು ತಪ್ಪಿದ ಮೇಲೆ 1728ರಲ್ಲಿ ಆಸ್ತಿ ನೆಂಟನಾದ ರಿಚರ್ಡ್ ಕಾಲಿ ಎಂಬವನಿಗೆ ಹೋಯಿತು. ಆಸ್ತಿಯ ಜೊತೆ ವೆಸ್ಲಿ ಹೆಸರನ್ನೂ ಇಟ್ಟುಕೊಂಡ. ಇವನೇ ಆರ್ಥರನ ಅಜ್ಜ. 1798ರ ಹೊತ್ತಿಗೆ ಮೊಮ್ಮಕ್ಕಳು ಅದನ್ನೇ ಉದ್ದ ಮಾಡಿ ವೆಲ್ಲೆಸ್ಲಿ ಅಂತ ಬರೆಯತೊಡಗಿದರು. ಚಾರ್ಲ್ಸ್ ಅಂದು ಹೂಂ ಅಂದಿದ್ದರೆ ಈ ಅಣ್ಣತಮ್ಮಂದಿರಿಗೆ ಆಸ್ತಿಯೂ ಇಲ್ಲ, ಪಾರ್ಲಿಮೆಂಟಿನ ಜಾಗವೂ ಇಲ್ಲ. ಮೈಸೂರಿಗೆ ಬೇರೆ ಯಾರೋ ಬರುತ್ತಿದ್ದರು ಅಷ್ಟೆ.

ಪ್ರಶ್ನೆ: ಟಿಪ್ಪುವನ್ನು ಕೊಂದದ್ದು ಇವನೇನಾ?
— ಚನ್ನಪಟ್ಟಣ

ಅಲ್ಲ. 1799ರ ಮೇ 4ರ ಮಧ್ಯಾಹ್ನ ಕೋಟೆಗೆ ನುಗ್ಗಿದ ದಂಡಿನ ಮುಂದಾಳು ಡೇವಿಡ್ ಬೇರ್ಡ್. ಆರ್ಥರ್ ಕಾದಿಟ್ಟ ಪಡೆಯ ಜೊತೆ ಹಿಂದೆ ಇದ್ದ. ಕತ್ತಲಾದ ಮೇಲೆ ಹೆಣಗಳ ನಡುವೆ ಟಿಪ್ಪು ಸಿಕ್ಕಾಗ ನಾಡಿ ಮುಟ್ಟಿ ನೋಡಿದವನು ಇವನು ಎನ್ನುತ್ತಾರೆ.

ಪ್ರಶ್ನೆ: ಹಾಗಾದರೆ ಗೆದ್ದವನು ಬೇರ್ಡ್, ಊರು ಸಿಕ್ಕಿದ್ದು ಇವನಿಗೆ. ಇದು ನ್ಯಾಯವೇ?
— ಮಂಡ್ಯ

ನಿಮಗೆ ಬಂದ ಸಿಟ್ಟು ಬೇರ್ಡ್‌ಗೂ ಬಂದಿತ್ತು. ಸಾಯುವವರೆಗೂ ಅವನ ಕಡೆಯವರು ಅದನ್ನು ಮರೆಯಲಿಲ್ಲ. ಬೇರ್ಡ್ ಅದೇ ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷ ಸೆರೆಯಲ್ಲಿದ್ದವನು. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್, ಟಿಪ್ಪು ಸೇರಿ ಕರ್ನಲ್ ಬೇಲಿಯ ಪಡೆಯನ್ನು ಹೊಸಕಿ ಹಾಕಿದಾಗ ಸಿಕ್ಕಿಬಿದ್ದಿದ್ದ. ಕೈದಿಗಳನ್ನು ಜೋಡಿ ಜೋಡಿಯಾಗಿ ಸರಪಳಿ ಹಾಕಿಟ್ಟಿದ್ದಾರೆ ಎಂಬ ಸುದ್ದಿ ಸ್ಕಾಟ್ಲೆಂಡಿಗೆ ಮುಟ್ಟಿದಾಗ ಅವನ ತಾಯಿ, ನಮ್ಮ ಡೇವಿ ಜೊತೆ ಸರಪಳಿ ಹಾಕಿಸಿಕೊಂಡ ಬಡಪಾಯಿಯ ಗತಿಯೇನು ಅಂದಳಂತೆ. ಮಗನ ಸ್ವಭಾವ ಅಮ್ಮನಿಗೆ ಗೊತ್ತಿರಲ್ವಾ!

ಅಂಥವನು ಪ್ರಾಣ ಒತ್ತೆಯಿಟ್ಟು ಗೆದ್ದು, ಮರುದಿನ ಅರಮನೆಯಲ್ಲಿರುವಾಗಲೇ ಕೆಳಗಿನ ದರ್ಜೆಯ ಕರ್ನಲ್ ಬಂದು ಅಧಿಕಾರ ವಹಿಸಿಕೊಂಡ. ಅದಕ್ಕೂ ಒಂದು ತಿಂಗಳ ಹಿಂದೆ, ಏಪ್ರಿಲ್ 5ರ ರಾತ್ರಿ, ಸುಲ್ತಾನ್‌ಪೇಟೆಯ ತೋಪಿನಲ್ಲಿ ಕತ್ತಲಲ್ಲಿ ದಾರಿ ತಪ್ಪಿ, ಮಂಡಿಗೆ ಗುಂಡು ತಗುಲಿಸಿಕೊಂಡು, ಸೋತು ವಾಪಸಾಗಿದ್ದವನು ಇದೇ ಕರ್ನಲ್. ಅವನ ಹನ್ನೆರಡು ಜನ ಸೈನಿಕರು ಸೆರೆಸಿಕ್ಕು ಸತ್ತರು. ಇಷ್ಟಾದರೂ ಊರು ಅವನಿಗೆ. ಅಣ್ಣ ಗವರ್ನರ್ ಜನರಲ್ ಅಲ್ವಾ?

ಆದರೆ ಒಂದು ಮಾತು. ಕೋಟೆ ಬಿದ್ದ ರಾತ್ರಿ ಸೈನಿಕರು ಮನೆಮನೆ ನುಗ್ಗಿ ದೋಚಿದರು. ಅದನ್ನು ನಿಲ್ಲಿಸಿದ್ದು ಆರ್ಥರ್. ನಾಲ್ಕು ಜನ ಸೈನಿಕರನ್ನು ಗಲ್ಲಿಗೇರಿಸಿದ, ಬಹಳ ಜನರಿಗೆ ಚಾಟಿ ಏಟು ಕೊಡಿಸಿದ. ಊರು ಬಿಟ್ಟು ಓಡಿದವರು ಹಿಂದಿರುಗಿದರು. ದರಿಯಾ ದೌಲತ್‌ನಲ್ಲಿ ವಾಸವಿದ್ದ. ಅಲ್ಲಿನ ಗೋಡೆಯ ಮೇಲೆ ಕರ್ನಲ್ ಬೇಲಿಯ ಸೋಲಿನ ದೊಡ್ಡ ಚಿತ್ರ ಇದೆಯಲ್ಲ, ಹಾಳಾಗಿದ್ದ ಅದನ್ನು ಮತ್ತೆ ಬರೆಸಿದವನೂ ಇವನೇ. ತಮ್ಮವರೇ ಸೋತ ಚಿತ್ರ! ಇದನ್ನು ಒಳ್ಳೆಯತನ ಅನ್ನಬೇಕೋ ಗೆದ್ದವನ ಧಿಮಾಕು ಅನ್ನಬೇಕೋ ನೀವೇ ಹೇಳಿ. ನನಗೆ ಎರಡನೆಯದೇ ಅನ್ನಿಸುತ್ತದೆ.

ಪ್ರಶ್ನೆ: ನಮ್ಮೂರಿನ ಧೋಂಡಿಯಾ ವಾಘನನ್ನು ಕೊಂದು ಅವನ ಮಗನನ್ನು ಸಾಕಿಕೊಂಡ ಅಂತ ಅಜ್ಜ ಹೇಳುತ್ತಿದ್ದರು. ನಿಜವೇ?
— ಚನ್ನಗಿರಿಯ ಓದುಗರು

ನಿಜ. ಧೋಂಡಿಯಾ ಟಿಪ್ಪುವಿನ ಸೆರೆಮನೆಯಲ್ಲಿದ್ದವನು. ಕೋಟೆ ಬಿದ್ದ ಗದ್ದಲದಲ್ಲಿ ಹೊರಬಿದ್ದ. ಚದುರಿದ ಸವಾರರನ್ನು ಸೇರಿಸಿಕೊಂಡು ಎರಡು ಲೋಕಗಳ ದೊರೆ ಎಂದು ಬಿರುದು ಇಟ್ಟುಕೊಂಡ. ಆರ್ಥರ್ ಮಳೆಗಾಲವಿಡೀ ತುಂಗಭದ್ರೆ, ಮಲಪ್ರಭೆ ದಾಟಿಕೊಂಡು ಬೆನ್ನು ಹತ್ತಿದ. 1800ರ ಸೆಪ್ಟೆಂಬರ್ 10ರಂದು ಕೋನಗಲ್ ಬಳಿ ನಾಲ್ಕು ರೆಜಿಮೆಂಟ್ ಕುದುರೆ ಪಡೆಯ ಮುಂದೆ ತಾನೇ ನುಗ್ಗಿದ. ಧೋಂಡಿಯಾ ಸತ್ತ.

ಅವನ ಸಾಮಾನಿನ ನಡುವೆ ನಾಲ್ಕು ವರ್ಷದ ಹುಡುಗ ಸಿಕ್ಕಿದ. ಹೆಸರು ಸಲಾಬತ್ ಖಾನ್. ಆರ್ಥರ್ ತನ್ನ ಡೇರೆಗೆ ಕರೆತಂದು ನೋಡಿಕೊಂಡ. ಇಂಡಿಯಾ ಬಿಡುವಾಗ ಹುಡುಗನ ಪಾಲನೆಗೆ ನೂರಾರು ಪೌಂಡು ಇಟ್ಟು ಹೋದ. ಹುಡುಗ ಬೆಳೆದು ಮೈಸೂರು ಮಹಾರಾಜರ ಕೆಲಸಕ್ಕೆ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡ. ಅಷ್ಟು ಚಿಕ್ಕ ವಯಸ್ಸು, ಪಾಪ.

ಪ್ರಶ್ನೆ: ಅಮೃತ ಮಹಲ್ ಎತ್ತುಗಳನ್ನು ವೆಲ್ಲಿಂಗ್ಟನ್ ಹೊಗಳಿದ್ದ ಅಂತ ಜಾನುವಾರು ಜಾತ್ರೆಯಲ್ಲಿ ಒಬ್ಬರು ಭಾಷಣ ಮಾಡಿದರು. ಸುಮ್ನೆ ಹೇಳಿದ್ದಾ?
— ಅಜ್ಜಂಪುರ

ಸುಮ್ಮನೆ ಅಲ್ಲ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. 1799ರ ನಂತರ ಆ ತಳಿ ಕಂಪನಿ ಸೇನೆಯ ಕೈಗೆ ಬಂತು. ಆರ್ಥರನ ಇಂಡಿಯಾ ಪತ್ರಗಳಲ್ಲಿ ಫಿರಂಗಿಗಿಂತ ಅಕ್ಕಿ ಮತ್ತು ಎತ್ತಿನ ಮಾತೇ ಜಾಸ್ತಿ ಎಂದರೂ ತಪ್ಪಿಲ್ಲ. ಒಳ್ಳೆಯ ಎತ್ತು, ಒಳ್ಳೆಯ ಹೊಡೆಯುವವನು, ಒಳ್ಳೆಯ ಆರೈಕೆ ಇಲ್ಲದೆ ದಂಡು ಬೇಗ ಸಾಗದು ಎಂಬ ಅರ್ಥದ ಮಾತು ಬರೆದಿದ್ದಾನೆ. 1803ರ ಸೆಪ್ಟೆಂಬರಿನಲ್ಲಿ ಅಸ್ಸಾಯೆಯಲ್ಲಿ ಸಿಂಧಿಯಾ ಸೇನೆಯನ್ನು ಸೋಲಿಸುವ ಮೊದಲು ಅಷ್ಟು ದೂರ ಸಾಮಾನು ಎಳೆದದ್ದು ನಮ್ಮ ಎತ್ತುಗಳು. ಮುಂದೆ ಪೋರ್ಚುಗಲ್, ಸ್ಪೇನಿನ ಯುದ್ಧದಲ್ಲಿ ಅಲ್ಲಿನ ಗಾಡಿಗಳು ಕಿರ್‍ರೋ ಎಂದು ಕಿರುಚಿಕೊಂಡು ತೆವಳುವಾಗ ಮೈಸೂರಿನ ಎತ್ತುಗಳು ಇಲ್ಲವಲ್ಲ ಎಂದು ಹಲುಬಿದ.

ಪ್ರಶ್ನೆ: ಇಷ್ಟೆಲ್ಲಾ ಯುದ್ಧ ಹೇಳುತ್ತೀರಿ, ಅವನ ಹೆಂಡತಿ ಯಾರು, ಸುಖವಾಗಿದ್ದಳಾ ಅಂತ ಒಂದು ಮಾತೂ ಇಲ್ಲ.
— ಶಿವಮೊಗ್ಗದ ಓದುಗರು

ಇದೇ ಪ್ರಶ್ನೆಗೆ ಕಾಯುತ್ತಿದ್ದೆ. ಸುಖವಾಗಿರಲಿಲ್ಲಮ್ಮ.

ಕಿಟ್ಟಿ ಪೇಕನ್‌ಹ್ಯಾಮ್, ಲಾರ್ಡ್ ಲಾಂಗ್‌ಫರ್ಡ್ ಮನೆಯ ಹುಡುಗಿ. ವೆಸ್ಟ್‌ಮೀತ್ ಕೌಂಟಿಯಲ್ಲಿ ಅವರ ಅರಮನೆಯಂಥ ಮನೆ. ಆರ್ಥರ್ ಡಬ್ಲಿನ್‌ನಲ್ಲಿ ಕೈಯಲ್ಲಿ ಕಾಸಿಲ್ಲದ ಕಿರಿಯ ಅಧಿಕಾರಿಯಾಗಿದ್ದಾಗ ಪ್ರೀತಿಸಿದ. ಕೇಳಿದ. ತಂದೆ ಇಲ್ಲದ ಮನೆಯಲ್ಲಿ ಅವಳ ತಮ್ಮನೇ ಯಜಮಾನ. ಸಾಲಗಾರರ ಮನೆಯ ಮೂರನೇ ಮಗನಿಗೆ ಅಕ್ಕನನ್ನು ಕೊಡೆ ಎಂದ. 1793ರಲ್ಲಿ ಆರ್ಥರ್ ತನ್ನ ಪಿಟೀಲುಗಳನ್ನು ಸುಟ್ಟು ಹಾಕಿದ. ಅಪ್ಪನಿಂದ ಬಂದ ಒಂದೇ ಒಂದು ಚಂದದ ಗುಣ ಅದು. ಮತ್ತೆಂದೂ ನುಡಿಸಲಿಲ್ಲ. ಹೊರಡುವ ಮೊದಲು ಕಿಟ್ಟಿಗೆ ಬರೆದ, ನಿಮ್ಮವರ ಮನಸ್ಸು ಬದಲಾದರೆ ನನ್ನ ಮನಸ್ಸು ಹೀಗೇ ಇರುತ್ತದೆ ಎಂದು.

ಇಂಡಿಯಾದಿಂದ ವಾಪಸಾಗುವಾಗ ಅವನ ಹತ್ತಿರ ಸುಮಾರು 42 ಸಾವಿರ ಪೌಂಡು ಇತ್ತು. ಶ್ರೀರಂಗಪಟ್ಟಣದ ಲೂಟಿಯ ಪಾಲೂ ಅದರಲ್ಲಿ ಸೇರಿದೆ. ಈಗ ಕಿಟ್ಟಿಯ ತಮ್ಮನಿಗೆ ತಕರಾರಿಲ್ಲ. ಆದರೆ ಹತ್ತು ವರ್ಷಕ್ಕೂ ಮೇಲೆ ಆಗಿತ್ತು. ನಡುವೆ ಕಿಟ್ಟಿಗೆ ಲೌರಿ ಕೋಲ್ ಎಂಬ ಇನ್ನೊಬ್ಬ ಸೈನಿಕನ ಜೊತೆ ನಿಶ್ಚಯವಾಗಿತ್ತು. ಆರ್ಥರನ ಮನಸ್ಸು ಹಾಗೇ ಇದೆ ಎಂದು ಗೆಳತಿಯೊಬ್ಬಳು ಹೇಳಿದಳು ಅಂತ ಅದನ್ನು ಮುರಿದುಕೊಂಡಳು. ಕೊರಗಿ ಸೊರಗಿದ್ದಳು. ಇವನಾದರೂ ನೋಡದೆಯೇ ಪತ್ರದಲ್ಲೇ ಮದುವೆಗೆ ಒಪ್ಪಿದ. ಕೊಟ್ಟ ಮಾತು ಅಂತ. 1806ರ ಏಪ್ರಿಲ್ 10ರಂದು ಡಬ್ಲಿನ್‌ನಲ್ಲಿ ಮದುವೆ. ಮದುವೆ ಮಾಡಿಸಿದ ಪಾದ್ರಿ ಅವನದೇ ತಮ್ಮ ಜೆರಾಲ್ಡ್. ಹುಡುಗಿಯನ್ನು ಕಂಡ ಕೂಡಲೇ ತಮ್ಮನ ಕಿವಿಯಲ್ಲಿ, ಎಷ್ಟು ಕುರೂಪಿ ಆಗಿದ್ದಾಳೆ ಎಂದನಂತೆ. ಕೇಳಿದರೆ ಮೈ ಉರಿಯುತ್ತದೆ. ಹತ್ತು ವರ್ಷ ಕಾದದ್ದು ಯಾರಿಗಾಗಿ?

ಇಬ್ಬರು ಗಂಡುಮಕ್ಕಳಾದರು, 1807ರಲ್ಲಿ ಆರ್ಥರ್, 1808ರಲ್ಲಿ ಚಾರ್ಲ್ಸ್. ಆಮೇಲೆ ಗಂಡ ಯುದ್ಧಕ್ಕೆ ಹೋದವನು ವರ್ಷಗಟ್ಟಲೆ ಮನೆಗೇ ಬರಲಿಲ್ಲ. ಅವನಿಗೆ ಪೈಸೆ ಪೈಸೆ ಲೆಕ್ಕ ಬೇಕು. ಅವಳು ಅಂಗಡಿ ಬಾಕಿ ಮುಚ್ಚಿಟ್ಟಳು, ಗೊತ್ತಾಗಿ ದೊಡ್ಡ ರಂಪವಾಯಿತು. ಕಿಟ್ಟಿಗೆ ದೂರದ ದೃಷ್ಟಿ ಕಡಿಮೆ, ಎದುರು ಬಂದವರ ಗುರುತು ಸಿಗುತ್ತಿರಲಿಲ್ಲ. ಲಂಡನ್ನಿನ ದೊಡ್ಡ ಔತಣಗಳಲ್ಲಿ ಮೂಲೆ ಸೇರುತ್ತಿದ್ದಳು. ಅವನು ಬೇರೆ ಹೆಂಗಸರ ಸಹವಾಸದಲ್ಲಿ ಇರುತ್ತಿದ್ದ. ಗೆಳತಿ ಹ್ಯಾರಿಯಟ್ ಅರ್ಬತ್‌ನಾಟ್ ಹತ್ತಿರ, ನಾನು ಮೂರ್ಖತನದಿಂದ ಮದುವೆಯಾದೆ ಎಂದು ಹೇಳಿಕೊಂಡದ್ದು ಆಕೆಯ ದಿನಚರಿಯಲ್ಲಿದೆ. ಹೆಂಡತಿಗೆ ಮಾತ್ರ ಗಂಡನೇ ದೇವರು. ಅದೇ ಅವನಿಗೆ ಇನ್ನೂ ಕಿರಿಕಿರಿ.

ಲೌರಿ ಕೋಲ್ ಏನಾದ ಅಂತೀರಾ? ಅದೇ ವೆಲ್ಲಿಂಗ್ಟನ್ ಕೈಕೆಳಗೆ ಸ್ಪೇನಿನಲ್ಲಿ ಜನರಲ್ ಆಗಿ ಚೆನ್ನಾಗಿ ಹೋರಾಡಿದ.

1831ರಲ್ಲಿ ಕಿಟ್ಟಿ ಹಾಸಿಗೆ ಹಿಡಿದಾಗ ಅವನು ಪಕ್ಕದಲ್ಲೇ ಕೂತ. ಯಾವಾಗಲೋ ಅವಳು ಅವನ ತೋಳಿಗೊಂದು ತಾಯಿತ ಕಟ್ಟಿದ್ದಳು. ಇನ್ನೂ ಇದೆಯಾ ಅಂತ ಅಂಗಿಯ ತೋಳಿನೊಳಗೆ ಬೆರಳು ಹಾಕಿ ತಡವಿದಳು. ಇತ್ತು. ಈ ಇಪ್ಪತ್ತು ವರ್ಷದಲ್ಲಿ ಯಾವಾಗ ಹುಡುಕಿದ್ದರೂ ಸಿಗುತ್ತಿತ್ತು ಎಂದು ಅವನು ಆಮೇಲೆ ಹೇಳಿದ. ಇದನ್ನು ದೊಡ್ಡ ಪ್ರೇಮಕಥೆ ಎಂದು ಬರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವಳು ಹುಡುಕಲಿಲ್ಲ ಅಂತ ಆಗಲೂ ತಪ್ಪು ಅವಳ ಮೇಲೇ!

ಏಪ್ರಿಲ್ 24ರಂದು ಹೋದಳು. ಮೂರು ದಿನಕ್ಕೆ, ಶವ ಇನ್ನೂ ಲಂಡನ್ನಿನ ಅವರ ಮನೆ ಆಪ್ಸ್ಲಿ ಹೌಸಿನಲ್ಲಿರುವಾಗಲೇ, ಮತದಾನ ಸುಧಾರಣೆಗೆ ಇವನು ಅಡ್ಡಗಾಲು ಎಂದು ಸಿಟ್ಟಾದ ಜನ ಕಲ್ಲು ತೂರಿ ಕಿಟಕಿ ಒಡೆದರು. ಆ ಕಿಟಕಿಗಳಿಗೆ ಮುಂದೆ ಕಬ್ಬಿಣದ ಬಾಗಿಲು ಹಾಕಿಸಿದ. ಅದೇ ವರ್ಷ ಸೆಪ್ಟೆಂಬರಿನಲ್ಲಿ ತಾಯಿಯೂ ತೀರಿಕೊಂಡಳು. ಒಡ್ಡೊಡ್ಡು ಹುಡುಗ ಡ್ಯೂಕ್ ಆಗಿ, ಪ್ರಧಾನಿಯಾಗಿ, ಇಳಿದದ್ದನ್ನೂ ನೋಡಿಯೇ ಹೋದಳು.

ಪ್ರಶ್ನೆ: ಉಳಿದ ಅಣ್ಣತಮ್ಮಂದಿರ ಕಥೆ ಏನು? ಈಗಿನ ರಾಜಮನೆತನಕ್ಕೂ ಇವರಿಗೂ ಸಂಬಂಧ ಇದೆ ಅಂತ ಕೇಳಿದ್ದೇನೆ.
— ಬೆಂಗಳೂರು

ಒಂದು ಧಾರಾವಾಹಿಗೆ ಆಗುವಷ್ಟಿದೆ. ಚುರುಕಾಗಿ ಹೇಳುತ್ತೇನೆ.

ರಿಚರ್ಡ್‌ಗೆ ಶ್ರೀರಂಗಪಟ್ಟಣ ಗೆದ್ದದ್ದಕ್ಕೆ ಮಾರ್ಕ್ವಿಸ್ ಪದವಿ ಸಿಕ್ಕಿತು. ಆದರೆ ಅದು ಐರಿಷ್ ಪದವಿ, ಇಂಗ್ಲಿಷ್ ಪದವಿಗಿಂತ ಒಂದು ಮೆಟ್ಟಿಲು ಕೆಳಗೆ. ಎರಡು ಸಲ ಚಿನ್ನದ ಮೊಲಾಮು ಹಚ್ಚಿದ ಆಲೂಗಡ್ಡೆ ಕೊಟ್ಟಿದ್ದಾರೆ ಎಂದು ಉರಿದುಬಿದ್ದ. ಕಂಪನಿ ವರ್ಷಕ್ಕೆ 5 ಸಾವಿರ ಪೌಂಡಿನಂತೆ 20 ವರ್ಷ ಕೊಡಲು ಒಪ್ಪಿದರೂ ಸಮಾಧಾನ ಆಗಲಿಲ್ಲ. ತಾನು ಕೈಹಿಡಿದು ಮೇಲೆ ತಂದ ತಮ್ಮ ಮಾರ್ಕ್ವಿಸ್‌ಗಿಂತಲೂ ಮೇಲಿನ ಡ್ಯೂಕ್ ಆಗಿಬಿಟ್ಟ. ತಾನು ಕೊಂಡಿದ್ದ ಆಪ್ಸ್ಲಿ ಹೌಸನ್ನು 1817ರಲ್ಲಿ ಅದೇ ತಮ್ಮನಿಗೆ ಮಾರಬೇಕಾಯಿತು. 1828ರಲ್ಲಿ ತಮ್ಮ ಪ್ರಧಾನಿಯಾದಾಗ, ಐರ್ಲೆಂಡಿನ ವೈಸರಾಯ್ ಆಗಿದ್ದ ಅಣ್ಣ ರಾಜೀನಾಮೆ ಕೊಟ್ಟ. ಅಷ್ಟರಲ್ಲಿ ಅಮೆರಿಕದ ಮರಿಯಾನ್ ಪ್ಯಾಟರ್ಸನ್ ಎಂಬ ಚೆಲುವೆ ವಿಧವೆಯನ್ನು ಮದುವೆಯಾಗಿದ್ದ. ತಮ್ಮನಿಗೂ ಅವಳ ಮೇಲೆ ಒಲವಿತ್ತು ಎಂಬುದು ಊರಿಗೇ ಗೊತ್ತಿತ್ತು. ಅವಳ ಮೊದಲ ಗಂಡನ ತಂಗಿ ಮದುವೆಯಾಗಿದ್ದದ್ದು ಯಾರನ್ನು ಅಂತೀರಿ? ನೆಪೋಲಿಯನ್ನಿನ ತಮ್ಮ ಜೆರೋಮನನ್ನು.

ಎರಡನೆಯವನು ವಿಲಿಯಂ. ನೆಂಟರ ಆಸ್ತಿ ಬಂತು ಅಂತ ಹೆಸರಿಗೆ ಪೋಲ್ ಸೇರಿಸಿಕೊಂಡ. ಟಂಕಸಾಲೆಯ ಮುಖ್ಯಸ್ಥನಾಗಿ ನಾಣ್ಯದ ಮೇಲೆ ತನ್ನ ಹೆಸರಿನ ಮೂರು ಅಕ್ಷರ ಅಚ್ಚು ಹಾಕಿಸಿದ. ಅವನ ಮಗ ಆಗರ್ಭ ಶ್ರೀಮಂತ ಹುಡುಗಿಯನ್ನು ಕಟ್ಟಿಕೊಂಡು ಅವಳ ವಾನ್‌ಸ್ಟೆಡ್ ಅರಮನೆಯನ್ನು ಕಲ್ಲು ಕಲ್ಲು ಮಾರುವವರೆಗೆ ಪೋಲು ಮಾಡಿದ. ಪಾದ್ರಿ ಜೆರಾಲ್ಡ್ ಬಿಷಪ್ ಆಗಲಿ ಎಂದು ಅಣ್ಣ ಎಷ್ಟು ಹೇಳಿದರೂ ಆಗಲಿಲ್ಲ. ಹೆಂಡತಿಯಿಂದ ದೂರ ಇದ್ದಾನೆ ಎಂಬ ಕಾರಣ. ನಮ್ಮಲ್ಲಿಗೆ ಬಂದಿದ್ದ ಹೆನ್ರಿಯ ಹೆಂಡತಿ 1809ರಲ್ಲಿ ಹೆನ್ರಿ ಪ್ಯಾಜೆಟ್ ಎಂಬ ಕುದುರೆ ಪಡೆಯ ಅಧಿಕಾರಿಯ ಜೊತೆ ಓಡಿಹೋದಳು. ಆರು ವರ್ಷದ ನಂತರ ವಾಟರ್ಲೂನಲ್ಲಿ ವೆಲ್ಲಿಂಗ್ಟನ್ನಿನ ಕುದುರೆ ಪಡೆಗೆ ನಾಯಕ ಯಾರು? ಅದೇ ಪ್ಯಾಜೆಟ್. ಇಬ್ಬರೂ ಅಕ್ಕಪಕ್ಕ ಕುದುರೆ ಮೇಲಿರುವಾಗ ಫಿರಂಗಿ ಗುಂಡು ಪ್ಯಾಜೆಟ್ಟಿನ ಕಾಲಿಗೆ ಬಡಿಯಿತು. ಕಾಲು ಕತ್ತರಿಸಬೇಕಾಯಿತು.

ಇನ್ನು ರಾಜಮನೆತನ. ರಿಚರ್ಡ್‌ಗೆ ಹಯಸಿಂತ್ ರೋಲಾಂಡ್ ಎಂಬ ಫ್ರೆಂಚ್ ಹೆಂಗಸಿನಿಂದ ಮದುವೆಗೆ ಮುಂಚೆಯೇ ಐದು ಮಕ್ಕಳು. ಅವರಲ್ಲಿ ಒಬ್ಬಳು ಆ್ಯನ್. ಗಂಡನನ್ನು ಬಿಟ್ಟು ಲಾರ್ಡ್ ಚಾರ್ಲ್ಸ್ ಬೆಂಟಿಂಕ್ ಜೊತೆ ಹೋಗಿ ಅವನನ್ನೇ ಮದುವೆಯಾದಳು. ಅವಳ ಮೊಮ್ಮಗಳು ಸಿಸಿಲಿಯಾ. ಸಿಸಿಲಿಯಾಳ ಮಗಳು ರಾಣಿ ಎಲಿಜಬೆತ್‌ರ ತಾಯಿ. ಅಂದರೆ ಈಗಿನ ದೊರೆ ಮೂರನೇ ಚಾರ್ಲ್ಸ್, ನಮ್ಮ ಸೇತುವೆಯ ಹೆಸರಿನ ವೆಲ್ಲೆಸ್ಲಿಯ ನೇರ ಸಂತತಿ. ಇನ್ನೂ ಒಂದು ಗಂಟು ಇದೆ. ಲಾರ್ಡ್ ಚಾರ್ಲ್ಸ್ ಬೆಂಟಿಂಕನ ಅಣ್ಣನೇ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್. 1799ರಲ್ಲಿ ಮಗುವಾಗಿದ್ದಾಗ ವೆಲ್ಲೆಸ್ಲಿಗಳು ಪಟ್ಟ ಕಟ್ಟಿದ ಮುಮ್ಮಡಿಯವರಿಂದ 1831ರಲ್ಲಿ ರಾಜ್ಯದ ಆಡಳಿತ ಕಸಿದುಕೊಂಡವನು. ಕೊಟ್ಟವರೂ ಕಿತ್ತವರೂ ಬೀಗರು!

ಪ್ರಶ್ನೆ: ಊಟಿ ಹತ್ತಿರದ ವೆಲ್ಲಿಂಗ್ಟನ್‌ಗೂ ಇವನದೇ ಹೆಸರಾ? ಇಂಡಿಯಾಕ್ಕೆ ಮತ್ತೆ ಬಂದಿದ್ದನಾ?
— ಗುಂಡ್ಲುಪೇಟೆ

ಹೆಸರು ಇವನದೇ. ಬರಲಿಲ್ಲ. 1801ರಲ್ಲಿ ಮುಂಬಯಿಯಲ್ಲಿ ಮೈಯೆಲ್ಲ ತುರಿಕಜ್ಜಿ, ಜ್ವರ ಬಂದು ಈಜಿಪ್ಟಿಗೆ ಹೊರಟಿದ್ದ ಹಡಗು ತಪ್ಪಿತು. ಆ ಹಡಗು ಮುಳುಗಿ ಅದರಲ್ಲಿದ್ದವರೆಲ್ಲ ಸತ್ತರು. ತುರಿಕಜ್ಜಿ ಇರದಿದ್ದರೆ ವಾಟರ್ಲೂನಲ್ಲಿ ಬೇರೆ ಯಾರೋ ಇರಬೇಕಿತ್ತು. 1805ರ ಮಾರ್ಚಿನಲ್ಲಿ ಮದರಾಸಿನಿಂದ ಊರಿಗೆ ಹೊರಟವನು ದಾರಿಯಲ್ಲಿ ಸೇಂಟ್ ಹೆಲೆನಾ ದ್ವೀಪದಲ್ಲಿ ಬ್ರಯರ್ಸ್ ಎಂಬ ಮನೆಯಲ್ಲಿ ಇಳಿದುಕೊಂಡ. ಹತ್ತು ವರ್ಷದ ನಂತರ ಸೆರೆಯಾಳಾಗಿ ಆ ದ್ವೀಪಕ್ಕೆ ಬಂದ ನೆಪೋಲಿಯನ್ ಮೊದಲ ಎರಡು ತಿಂಗಳು ಇದ್ದದ್ದೂ ಅದೇ ಬ್ರಯರ್ಸ್‌ನಲ್ಲಿ. ವೆಲ್ಲಿಂಗ್ಟನ್ ತೀರಿಕೊಂಡದ್ದು 1852ರ ಸೆಪ್ಟೆಂಬರ್ 14ರಂದು, 83ನೇ ವಯಸ್ಸಿನಲ್ಲಿ.

ಮುಂದಿನ ಸಂಚಿಕೆಗೆ ಕಾರ್ಡು ಬರೆಯುವವರು ಒಂದು ಕಾರ್ಡಿಗೆ ಒಂದೇ ಪ್ರಶ್ನೆ ಬರೆಯಿರಿ. ಬೇರ್ಡ್ ಬಗ್ಗೆ ಇನ್ನೂ ಹನ್ನೊಂದು ಕಾರ್ಡು ಉಳಿದಿವೆ, ಅವನ ಸರದಿ ಬರುತ್ತದೆ.